ಪೆನ್ಸಿಲ್ವೇನಿಯಾದ ಚಕಮಕಿ ರೈಫಲ್

ಉತ್ತರ ಅಮೆರಿಕದಲ್ಲಿ 18ನೇ ಶತಮಾನದಲ್ಲಿ ರೂಪುಗೊಂಡ, ಕೈಕಸುಬಿನಿಂದ ತಯಾರಾಗುತ್ತಿದ್ದ ಉದ್ದ ನಳಿಗೆಯ ಕೋವಿ. ಕೆಂಟಕಿ ರೈಫಲ್ ಎಂದೇ ಹೆಚ್ಚು ಪ್ರಸಿದ್ಧವಾದರೂ ಇದರ ತವರು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸೀಮೆ. ಜರ್ಮನ್ ನಾಡುಗಳಿಂದ, ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಕುಶಲಕರ್ಮಿಗಳು ತಮ್ಮೂರಿನ ಮೋಟು ನಳಿಗೆಯ ಯೇಗರ್ ಬೇಟೆಕೋವಿಯನ್ನು ಇಲ್ಲಿನ ಕಾಡಿಗೆ ಒಗ್ಗಿಸಿದರು. ನಳಿಗೆ 40 ಅಂಗುಲ ಮೀರಿ ಬೆಳೆಯಿತು, ಗುಂಡು ಕಿರಿದಾಯಿತು. ಊರು ಬಿಟ್ಟು ತಿಂಗಳುಗಟ್ಟಲೆ ಅಲೆಯುವ ಬೇಟೆಗಾರನಿಗೆ ಸೀಸವೂ ಮದ್ದೂ ಉಳಿಯುತ್ತಿದ್ದವು.

ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಸ್ವಲ್ಪಸ್ವಲ್ಪವೇ ಕಾಯಿಸಿ, ಸರಳಿನ ಸುತ್ತ ಮಡಿಸಿ, ಬಡಿದು ಬೆಸೆದರೆ ನಳಿಗೆ. ಅದನ್ನು ಕೊರೆದು ನುಣುಪು ಮಾಡಿ, ಹೊರಮೈಯನ್ನು ಎಂಟು ಮೂಲೆಗೆ ಅರದಿಂದ ತಿದ್ದುತ್ತಿದ್ದರು. ಕಸುಬಿನ ನಿಜವಾದ ಗುಟ್ಟು ಒಳಗಿನ ಸುರುಳಿಗೆರೆಗಳಲ್ಲಿತ್ತು. ಸುರುಳಿ ಕೆತ್ತಿದ ಮರದ ದಿಂಡು ಮುಂದೆ ಹಿಂದೆ ಸರಿಯುತ್ತ ತಾನೂ ತಿರುಗುತ್ತದೆ. ಅದರ ತುದಿಯ ಸರಳಿನಲ್ಲಿ ಕೂತ ಪುಟ್ಟ ಉಕ್ಕಿನ ಹಲ್ಲು ಒಳಗೋಡೆಯನ್ನು ಕೂದಲೆಳೆಯಷ್ಟು ಕೆರೆಯುತ್ತದೆ. ಗೆರೆ ಆಳವಾದಂತೆ ಹಲ್ಲಿನ ಕೆಳಗೆ ಕಾಗದದ ಚೂರು ಇಟ್ಟು ಎತ್ತರಿಸಬೇಕು. ಸುಮಾರು ನಾಲ್ಕು ಅಡಿಗೆ ಒಂದು ಸುತ್ತು ಬರುವ ಈ ಗೆರೆಗಳೇ ಗುಂಡನ್ನು ತಿರುಗಿಸಿ ಗುರಿ ತಪ್ಪದಂತೆ ಹಾರಿಸುತ್ತಿದ್ದವು. ಗುಂಡಿಗೆ ಜಿಡ್ಡು ಸವರಿದ ಬಟ್ಟೆಯ ತುಂಡು ಸುತ್ತಿ ತುಂಬುತ್ತಿದ್ದುದರಿಂದ ಅದು ಗೆರೆಗಳಿಗೆ ಬಿಗಿಯಾಗಿ ಕೂರುತ್ತಿತ್ತು.

ತಿರುಪಿನಿಂದ ನಳಿಗೆಯವರೆಗೆ ಎಲ್ಲವನ್ನೂ ಒಬ್ಬನೇ ಕೋವಿಗಾರ ಮಾಡುತ್ತಿದ್ದನೆಂಬ ಕಥೆಯನ್ನು ಪೂರ್ತಿ ನಂಬಬೇಕಿಲ್ಲ. ಚಕಮಕಿ ಕಲ್ಲು, ಅದನ್ನು ಕಚ್ಚಿಹಿಡಿಯುವ ಕುದುರೆ ಕೂಡಿದ ಕಿಡಿಯಂತ್ರ ಬಹಳಷ್ಟು ಸಲ ಇಂಗ್ಲೆಂಡಿನ ಸರಕು. ನೀರಿನ ಚಕ್ರದಿಂದ ನಡೆಯುವ ಕಾರ್ಖಾನೆಗಳಿಂದ ನಳಿಗೆ ಕೊಳ್ಳುವುದೂ ಇತ್ತು. ಕೋವಿಗಾರನ ಸ್ವಂತ ಕೈ ಕಾಣುವುದು ಮರದಲ್ಲಿ, ಹಿತ್ತಾಳೆಯಲ್ಲಿ.

ಮರವೆಂದರೆ ಮುಖ್ಯವಾಗಿ ಅಲೆಅಲೆಯಾದ ಎಳೆಯುಳ್ಳ ಮೇಪಲ್. ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಬಳಿದು ಬಿಸಿ ತಾಗಿಸಿದಾಗ ಮಂಕು ಹಳದಿಯ ಮೈ ಕೆಂಗಂದು ಬಣ್ಣಕ್ಕೆ ತಿರುಗಿ, ಅಡ್ಡಪಟ್ಟೆಗಳು ಎದ್ದು ಕಾಣುತ್ತವೆ. ಕೆನ್ನೆಗೆ ಆನಿಸುವ ಭಾಗದ ಹಿಂದೆ ಬಳ್ಳಿಸುರುಳಿಯ ಉಬ್ಬುಕೆತ್ತನೆ. ಯುರೋಪಿನಲ್ಲಿ ರೊಕೊಕೊ ಶೈಲಿಯ ಮೋಜು ಇಳಿದ ಮೇಲೂ ಇಲ್ಲಿಯವರು ಅದನ್ನು ಬಿಡಲಿಲ್ಲ. ಬಟ್ಟೆತುಂಡು ಇಡಲು ಹಿಡಿಯ ಪಕ್ಕದಲ್ಲಿ ಕೊರೆದ ಗೂಡಿಗೆ ಮೊದಲು ಜಾರುವ ಮರದ ಮುಚ್ಚಳವಿತ್ತು. ಅದು ಕೀಲು ಹಾಕಿದ ಹಿತ್ತಾಳೆ ಮುಚ್ಚಳವಾದ ಮೇಲೆ ಅಲಂಕಾರಕ್ಕೆ ಹೊಸ ಬಯಲೇ ಸಿಕ್ಕಿತು. ಲ್ಯಾಂಕಾಸ್ಟರ್‌ನವರು ಅದರ ತುದಿಗೆ ಡೇಸಿ ಹೂವು ಕತ್ತರಿಸಿದರು. ಲೀಹೈ, ಯಾರ್ಕ್, ಬರ್ಕ್ಸ್ ಸೀಮೆಗಳಿಗೆ ಅವರವರದೇ ಕೈಗುರುತು. ಬೆಳ್ಳಿಯ ನಕ್ಷತ್ರ, ಅರ್ಧಚಂದ್ರಗಳನ್ನೂ ಮರದಲ್ಲಿ ಕೂರಿಸುತ್ತಿದ್ದರು. ಹೆಸರು ಕೊರೆಯದ ಕೋವಿ ಯಾರದೆಂದು ವಿದ್ವಾಂಸರು ಇಂದು ಊಹಿಸುವುದು ಇಂಥ ಗುರುತುಗಳಿಂದಲೇ. ಈ ಸೀಮೆವಾರು ವಿಂಗಡಣೆಗೆ ಬಲ ತಂದ, ಕೋವಿ ಸಂಗ್ರಾಹಕ ಜೋ ಕಿಂಡಿಗ್‌ನ ಗ್ರಂಥ 1960ರಲ್ಲಿ ಬಂತು.

1775ರಲ್ಲಿ, ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಸಮರಕ್ಕೆ, ಅಮೆರಿಕದ ಕಾಂಗ್ರೆಸ್ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾಗಳಿಂದ ರೈಫಲ್ ತುಕಡಿಗಳನ್ನು ಕರೆಸಿತು. ಆದರೆ ರೈಫಲ್ ತುಂಬಲು ತಡ, ಬಯೊನೆಟ್ ಸಿಕ್ಕಿಸಲು ಅನುಕೂಲವಿಲ್ಲ. ಹಾಗಾಗಿ ಯುದ್ಧದ ಭಾರ ಹೊತ್ತಿದ್ದು ಸುರುಳಿಗೆರೆಯಿಲ್ಲದ ಮಸ್ಕೆಟ್ಟೇ. ಕೆತ್ತನೆ ಅತ್ಯಂತ ಸೊಗಸಾಗಿ ಅರಳಿದ್ದು ಸಮರ ಮುಗಿದ ನಂತರದ ದಶಕಗಳಲ್ಲಿ. ಬಾಲ್ಯದಲ್ಲೇ ಜರ್ಮನಿಯಿಂದ ಬಂದ ಜೇಕಬ್ ಡಿಕರ್ಟ್ (1740–1822) ಆ ಕಾಲದ ಲ್ಯಾಂಕಾಸ್ಟರ್‌ನ ಹೆಸರಾಂತ ಕೋವಿಗಾರ.

ಕಲ್ಲಿನ ಬದಲು ಸಿಡಿಮದ್ದು ತುಂಬಿದ ಪುಟ್ಟ ಲೋಹದ ಟೊಪ್ಪಿಗೆಯಿಂದ ಹೊತ್ತುವ ಕೋವಿ ಬಂದ ಮೇಲೆ ಚಕಮಕಿ ಹಿಂದೆ ಸರಿಯಿತು. ಬಳಿಕ ಕಾರ್ಖಾನೆಯ ಅಗ್ಗದ ಮಾಲು ಕಸುಬನ್ನೇ ನುಂಗಿತು. ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಸಂಗ್ರಹಾಲಯದಲ್ಲಿ ಕೋವಿಗಾರ ವಾಲೆಸ್ ಗಸ್ಲರ್ ಆ ಕಸುಬನ್ನು ಮತ್ತೆ ಹಿಡಿದು ನಳಿಗೆ, ಕಿಡಿಯಂತ್ರ, ಮರಗೆಲಸವೆಲ್ಲವನ್ನೂ 1960ರ ದಶಕದಲ್ಲಿ ಹಳೆಯ ಉಪಕರಣಗಳಿಂದಲೇ ಮಾಡಿ ತೋರಿಸಿದರು. ಆ ಕೆಲಸದ ಸಾಕ್ಷ್ಯಚಿತ್ರ 1969ರದು. ಈಗಿನ ಹವ್ಯಾಸಿಗಳಲ್ಲಿ ಹೆಚ್ಚಿನವರು ನಳಿಗೆ, ಕಿಡಿಯಂತ್ರಗಳನ್ನು ಸಿದ್ಧವಾಗಿಯೇ ಕೊಂಡು ಮರ, ಹಿತ್ತಾಳೆಗಳ ಮೇಲೆ ಉಳಿ ಹಿಡಿಯುತ್ತಾರೆ.