ಏಳನೆಯ ರಾತ್ರಿಯ ಬೆವರು

ಪೆನಿಸಿಲಿನ್ ಇಲ್ಲದ ಕಾಲದಲ್ಲಿ ನ್ಯುಮೋನಿಯಾ ರೋಗಿಯ ಮಂಚದ ಪಕ್ಕ ಕೂತ ವೈದ್ಯರು ದಿನ ಎಣಿಸುತ್ತಿದ್ದರು. ಗಡಗಡ ನಡುಗಿಸುವ ಚಳಿಯಿಂದ ಕಾಯಿಲೆ ಶುರುವಾಗುತ್ತಿತ್ತು. ಆಮೇಲೆ 104 ಡಿಗ್ರಿ ಜ್ವರ, ಉಸಿರೆಳೆದರೆ ಪಕ್ಕೆಗೆ ಚೂರಿ ಹಾಕಿದಂಥ ನೋವು, ತುಕ್ಕಿನ ಬಣ್ಣದ ಕಫ. ಐದು ದಿನ, ಆರು ದಿನ ಕಳೆದರೂ ಜ್ವರ ಜಗ್ಗುತ್ತಿರಲಿಲ್ಲ. ಏಳನೆಯದೋ ಎಂಟನೆಯದೋ ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರು ಕಿತ್ತುಕೊಂಡು ಬಂದು ಹೊದಿಕೆ ತೊಯ್ದು ತೊಪ್ಪೆಯಾಗುತ್ತಿತ್ತು; ಬೆಳಗಾಗುವಷ್ಟರಲ್ಲಿ ಜ್ವರ ಇಳಿದು ರೋಗಿ ನಿದ್ದೆಗೆ ಜಾರುತ್ತಿದ್ದ. ಆ ರಾತ್ರಿ ಎಲ್ಲರಿಗೂ ಬರುತ್ತಿರಲಿಲ್ಲ. ಅದಕ್ಕೆ ಮೊದಲೇ ತೀರಿಕೊಂಡವರು ಎಷ್ಟೋ ಮಂದಿ. ಈ ತಿರುವನ್ನು ವೈದ್ಯರು ‘ಕ್ರೈಸಿಸ್’ ಎಂದು ಕರೆದರು. ಅದು ಯಾಕೆ ಬರುತ್ತದೆ ಎಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ರೋಗಾಣು ಹೇಗೆ ಕೆಡುಕು ಮಾಡುತ್ತದೆ, ದೇಹ ಅದನ್ನು ಹೇಗೆ ಎದುರಿಸುತ್ತದೆ ಎಂಬ ಶಾಸ್ತ್ರ ಬೆಳೆದು ಬಂದ ದಾರಿಯನ್ನು ಆ ಏಳು ದಿನಗಳ ಗುಟ್ಟಿನ ಮೂಲಕವೇ ಹೇಳಬಹುದು.

ನಂಜಿಗೆ ಪ್ರತಿನಂಜು

ಮೊದಲ ಸುಳಿವು ಸಿಕ್ಕಿದ್ದು ಗಂಟಲಮಾರಿಯಲ್ಲಿ. 1884ರಲ್ಲಿ ಜರ್ಮನಿಯ ಫ್ರೀಡ್ರಿಖ್ ಲೋಫ್ಲರ್ ಒಂದು ವಿಚಿತ್ರ ಗಮನಿಸಿದರು: ಬ್ಯಾಕ್ಟೀರಿಯಾ ಗಂಟಲು ಬಿಟ್ಟು ಕದಲುವುದಿಲ್ಲ, ಆದರೂ ದೂರದ ಅಂಗಾಂಗಗಳು ಹಾಳಾಗುತ್ತವೆ. ಅದು ನಂಜೊಂದನ್ನು ಉಗುಳುತ್ತಿರಬೇಕು ಎಂದು ಅವರು ಊಹಿಸಿದರು. 1888ರಲ್ಲಿ ಪ್ಯಾರಿಸ್‌ನ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಬರೀ ದ್ರವವೇ ಪ್ರಾಣಿಗಳನ್ನು ಕೊಲ್ಲುತ್ತದೆ ಎಂದು ತೋರಿಸಿದರು. ಎರಡೇ ವರ್ಷದಲ್ಲಿ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೆಹ್ರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಸಾಬುರೊ ಇದಕ್ಕೆ ಉತ್ತರ ಕಂಡುಕೊಂಡರು. ಧನುರ್ವಾಯು, ಗಂಟಲಮಾರಿಗಳ ನಂಜನ್ನು ಗೆದ್ದ ಪ್ರಾಣಿಯ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು, ಕೊಟ್ಟರೆ ಬೇರೊಂದು ಪ್ರಾಣಿಯೂ ಬದುಕುತ್ತದೆ! ಕುದುರೆಯ ಸೀರಂ ಮಕ್ಕಳ ಜೀವ ಉಳಿಸತೊಡಗಿತು. ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಬೆಹ್ರಿಂಗ್ ಅವರಿಗೆ ಸಂದಿತು.

ಆದರೆ ಇನ್ನೊಂದು ಪಂಗಡ ಬೇರೆಯದನ್ನೇ ಕಂಡಿತ್ತು. 1882ರಲ್ಲಿ ಸಿಸಿಲಿಯ ಕಡಲ ತೀರದಲ್ಲಿ ಎಲೀ ಮೆಚ್ನಿಕಾಫ್, ನಕ್ಷತ್ರ ಮೀನಿನ ಪಾರದರ್ಶಕ ಮರಿಯ ಮೈಗೆ ಮುಳ್ಳು ಚುಚ್ಚಿ, ಅದರ ಸುತ್ತ ಅಲೆಮಾರಿ ಜೀವಕೋಶಗಳು ಮುತ್ತಿಕೊಳ್ಳುವುದನ್ನು ನೋಡಿದ್ದರು. ಕಾಪಾಡುವುದು ಸೀರಮ್ಮೋ, ನುಂಗುವ ಕೋಶಗಳೋ ಎಂಬ ಜಗಳ ಇಪ್ಪತ್ತು ವರ್ಷ ನಡೆಯಿತು. ರಾಜಿ ಮಾಡಿಸಿದ್ದು 1903ರಲ್ಲಿ ಲಂಡನ್ನಿನ ಆಲ್ಮ್ರಾತ್ ರೈಟ್ ಮತ್ತು ಸ್ಟೂವರ್ಟ್ ಡಗ್ಲಸ್. ಸೀರಂನಲ್ಲಿರುವ ಏನೋ ಒಂದು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡರೆ ಬಿಳಿರಕ್ತಕಣಗಳು ಅದನ್ನು ಸಲೀಸಾಗಿ ನುಂಗುತ್ತವೆ ಎಂದು ಅವರು ತೋರಿಸಿದರು. ಅದಕ್ಕೆ ‘ಆಪ್ಸೊನಿನ್’ ಎಂದು ಹೆಸರಿಟ್ಟರು. ಊಟ ಸಿದ್ಧಪಡಿಸು ಎಂಬರ್ಥದ ಗ್ರೀಕ್ ಪದ ಅದರ ಬೇರು. ಅಡುಗೆ ಮಾಡಿ ಬಡಿಸುವುದು ಸೀರಂನಲ್ಲಿರುವ ಪ್ರತಿಕಾಯ, ಉಣ್ಣುವುದು ಕೋಶ.

ಸಕ್ಕರೆಯ ಮುಸುಕು

ಹಾಗಾದರೆ ನ್ಯುಮೋನಿಯಾದಲ್ಲಿ ಬಡಿಸಲು ಏಳು ದಿನ ಏಕೆ? ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು 1881ರಲ್ಲೇ ಫ್ರಾನ್ಸಿನ ಲೂಯಿ ಪಾಶ್ಚರ್ ಮತ್ತು ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ಕಂಡಿದ್ದರು. ಅದೂ ನಂಜು ತಯಾರಿಸುತ್ತದೆ, ಆದರೆ ಅದರ ಮುಖ್ಯ ಬಲ ಮೈಮೇಲಿನ ನುಣುಪಾದ ಪೊರೆ. ಪೊರೆ ಹೊದ್ದ ನ್ಯುಮೋಕಾಕಸ್ ಬಿಳಿರಕ್ತಕಣಗಳ ಹಿಡಿತಕ್ಕೆ ಸಿಗದೆ ಜಾರಿಹೋಗುತ್ತದೆ.

ಆ ಪೊರೆಯನ್ನು ಕಣ್ಣಿಗೆ ಕಾಣಿಸಿದವರು ಬರ್ಲಿನ್‌ನ ಫ್ರೆಡ್ ನಾಯ್ಫೆಲ್ಡ್, 1902ರಲ್ಲಿ. ಗಾಜಿನ ಪಟ್ಟಿಯ ಮೇಲೆ ಬ್ಯಾಕ್ಟೀರಿಯಾ ಇರುವ ಒಂದು ಹನಿ. ಅದಕ್ಕೆ ಅದೇ ಬ್ಯಾಕ್ಟೀರಿಯಾವನ್ನು ಗೆದ್ದ ಪ್ರಾಣಿಯ ಸೀರಂನ ಒಂದು ಹನಿ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಂತೆ, ಜೋಡಿಜೋಡಿಯಾಗಿ ಕೂತ ಕಾಳುಗಳ ಸುತ್ತ ಅದುವರೆಗೆ ಕಾಣದಿದ್ದ ಪೊರೆ ಉಬ್ಬಿ ಹೊಳೆಯುತ್ತದೆ. ಸೀರಂ ಬೇರೆ ಬಗೆಯದಾದರೆ ಏನೂ ಆಗುವುದಿಲ್ಲ. ನ್ಯುಮೋಕಾಕಸ್ ಒಂದೇ ಅಲ್ಲ, ಬೇರೆಬೇರೆ ಪೊರೆ ತೊಟ್ಟ ಹಲವು ಬಗೆಗಳಿವೆ ಎಂಬುದು ಇಂಥ ಪರೀಕ್ಷೆಗಳಿಂದ ಸ್ಪಷ್ಟವಾಯಿತು. ಇಂದು ನೂರಕ್ಕೂ ಹೆಚ್ಚು ಬಗೆಗಳು ಗೊತ್ತಿವೆ. ಒಂದರ ಪ್ರತಿಕಾಯ ಇನ್ನೊಂದನ್ನು ಸಾಮಾನ್ಯವಾಗಿ ತಡೆಯುವುದಿಲ್ಲ.

ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ತಮ್ಮ ಬದುಕಿನ ಬಹುಭಾಗವನ್ನು ಈ ಪೊರೆಗೇ ಮೀಸಲಿಟ್ಟರು. 1923ರಲ್ಲಿ ಅವರು ಮೈಕಲ್ ಹೈಡೆಲ್‌ಬರ್ಗರ್ ಜತೆ ಅದು ಸಕ್ಕರೆಯ ಸರಪಳಿ ಎಂದು ತೋರಿಸಿದಾಗ, ಪ್ರೋಟೀನ್ ಮಾತ್ರವೇ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ ಎಂದು ನಂಬಿದ್ದವರು ಬೆರಗಾದರು. ಅವರ ಸಹೋದ್ಯೋಗಿ ರೆನೆ ದ್ಯುಬೊ ಕ್ರ್ಯಾನ್‌ಬೆರಿ ಬೆಳೆಯುವ ಜೌಗು ಮಣ್ಣಿನಿಂದ ಈ ಸಕ್ಕರೆಯನ್ನು ಕರಗಿಸುವ ಬ್ಯಾಕ್ಟೀರಿಯಾವನ್ನು ಹುಡುಕಿ ತಂದರು. 1931ರಲ್ಲಿ ಅದರ ಕಿಣ್ವವನ್ನು ಕೊಟ್ಟಾಗ, ಮೂರನೆಯ ಬಗೆಯ ನ್ಯುಮೋಕಾಕಸ್ ತಗುಲಿದ ಇಲಿಗಳು ಬದುಕಿದವು. ಕಿಣ್ವ ಬ್ಯಾಕ್ಟೀರಿಯಾವನ್ನು ಕೊಂದಿರಲಿಲ್ಲ, ಬಟ್ಟೆ ಬಿಚ್ಚಿಸಿತ್ತು ಅಷ್ಟೆ. ಉಳಿದದ್ದನ್ನು ಬಿಳಿರಕ್ತಕಣಗಳು ನೋಡಿಕೊಂಡವು.

ಈಗ ಏಳನೆಯ ರಾತ್ರಿಯ ಅರ್ಥ ತಿಳಿಯಿತು. ಮುಸುಕಿನ ಬಗೆಯನ್ನು ಗುರುತಿಸಿ ಅದಕ್ಕೇ ಒಪ್ಪುವ ಪ್ರತಿಕಾಯ ತಯಾರಿಸಲು ದೇಹಕ್ಕೆ ಸುಮಾರು ಒಂದು ವಾರ ಬೇಕು. ಅದು ರಕ್ತದಲ್ಲಿ ತುಂಬಿ ಬಂದ ರಾತ್ರಿಯೇ ಕ್ರೈಸಿಸ್.

ಇದೇ ಪೊರೆಯ ಬೆನ್ನು ಹತ್ತಿ ಜೀವಶಾಸ್ತ್ರ ಇನ್ನೂ ದೊಡ್ಡ ನಿಧಿಯನ್ನು ಕಂಡಿತು. ಪೊರೆಯಿಲ್ಲದ ಜೀವಂತ ನ್ಯುಮೋಕಾಕಸ್ ಜತೆ ಪೊರೆಯಿದ್ದ ಸತ್ತ ನ್ಯುಮೋಕಾಕಸ್ ಬೆರೆಸಿ ಇಲಿಗಳಿಗೆ ಚುಚ್ಚಿದರೆ ಮೊದಲನೆಯದು ಪೊರೆ ಹೊದ್ದು ಕೊಲ್ಲತೊಡಗುತ್ತದೆ ಎಂದು 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ತೋರಿಸಿದರು. ಆ ಗುಣವನ್ನು ಸಾಗಿಸುವ ವಸ್ತು ಡಿಎನ್ಎ ಎಂದು 1944ರಲ್ಲಿ ಏವರಿ ಮತ್ತು ಅವರ ಸಹೋದ್ಯೋಗಿಗಳಾದ ಮೆಕ್ಲಿಯಾಡ್, ಮೆಕಾರ್ಟಿ ಪ್ರಕಟಿಸಿದರು.

ಮರೆವು, ಮತ್ತೆ ನೆನಪು

1930ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಕಫ ಪರೀಕ್ಷಿಸಿ, ಬಗೆ ಗುರುತಿಸಿ, ಅದಕ್ಕೆ ಒಪ್ಪುವ ಕುದುರೆ ಅಥವಾ ಮೊಲದ ಸೀರಂ ಕೊಡುತ್ತಿದ್ದವು. ಬೇಗ ಕೊಟ್ಟರೆ ಸಾವು ಕಡಿಮೆಯಾಗುತ್ತಿತ್ತು. ಆದರೆ ಪರಕೀಯ ಸೀರಂನಿಂದ ಮೈಮೇಲೆ ದದ್ದು, ಕೀಲುನೋವು, ಜ್ವರ ಬರುವುದಿತ್ತು. ಸಲ್ಫಾ ಮಾತ್ರೆ, ಆಮೇಲೆ ಪೆನಿಸಿಲಿನ್ ಬಂದದ್ದೇ ಸೀರಂ ಮೂಲೆಗೆ ಬಿತ್ತು. 1945ರಲ್ಲಿ ದಕ್ಷಿಣ ಡಕೋಟದ ಸೈನಿಕ ಶಿಬಿರದಲ್ಲಿ ಸಕ್ಕರೆಯ ಪೊರೆಯಿಂದ ಮಾಡಿದ ಲಸಿಕೆ ಗೆದ್ದಿತ್ತು, ಅದನ್ನೂ ಜಗತ್ತು ಮರೆಯಿತು.

ಮರೆಯದವರೊಬ್ಬರಿದ್ದರು: ವೈದ್ಯ ರಾಬರ್ಟ್ ಆಸ್ಟ್ರಿಯನ್. 1964ರಲ್ಲಿ ಅವರು ಜೆರೋಮ್ ಗೋಲ್ಡ್ ಜತೆ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸಿತು. ಕಾಯಿಲೆಯ ಮೊದಲ ದಿನಗಳಲ್ಲೇ ಸಾಯುವವರನ್ನು ಪೆನಿಸಿಲಿನ್ ಕೂಡ ಉಳಿಸುತ್ತಿರಲಿಲ್ಲ. ಅವರಿಗೆ ಪ್ರತಿಕಾಯ ಮುಂಚೆಯೇ ಇರಬೇಕಿತ್ತು. ಪ್ರತಿಕಾಯವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 1952ರಲ್ಲೇ ಸಾಕ್ಷಿ ಸಿಕ್ಕಿತ್ತು. ಅಮೆರಿಕದ ಸೇನಾವೈದ್ಯ ಆಗ್ಡನ್ ಬ್ರೂಟನ್ ಬಳಿಗೆ ಬಂದ ಎಂಟು ವರ್ಷದ ಹುಡುಗನಿಗೆ ನ್ಯುಮೋಕಾಕಸ್ ಸೋಂಕು ಮತ್ತೆಮತ್ತೆ ತಗುಲುತ್ತಿತ್ತು. ಅವನ ರಕ್ತದಲ್ಲಿ ಪ್ರತಿಕಾಯಗಳಿರುವ ಗ್ಯಾಮಾ ಗ್ಲಾಬ್ಯುಲಿನ್ ಇರಲೇ ಇಲ್ಲ. ಹೊರಗಿನಿಂದ ಕೊಟ್ಟಾಗ ಚೇತರಿಸಿಕೊಂಡ. ಆಸ್ಟ್ರಿಯನ್ ಪಟ್ಟು ಹಿಡಿದದ್ದರ ಫಲವಾಗಿ 14 ಬಗೆಗಳ ಲಸಿಕೆ 1977ರಲ್ಲಿ ಬಂತು.

ಆದರೂ ಅದು ಎರಡು ವರ್ಷದೊಳಗಿನ ಕೂಸುಗಳಿಗೆ ನಾಟುತ್ತಿರಲಿಲ್ಲ. ಬರೀ ಸಕ್ಕರೆಗೆ ಅವುಗಳ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಸರಿಯಾಗಿ ಓಗೊಡುವುದಿಲ್ಲ, ಸಕ್ಕರೆ ಟಿ ಕೋಶಗಳನ್ನು ನೆರವಿಗೆ ಕರೆಯುವುದೂ ಇಲ್ಲ. ಪ್ರೋಟೀನ್ ಕರೆಯಬಲ್ಲದು. ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದು ಮೊಲಗಳಲ್ಲಿ ಪ್ರತಿಕಾಯ ಬರಿಸುವ ಪ್ರಯೋಗವನ್ನು ಏವರಿ ಮತ್ತು ವಾಲ್ಟರ್ ಗೋಬೆಲ್ 1931ರಲ್ಲೇ ಮಾಡಿದ್ದರು. ಸುಮಾರು ಐವತ್ತು ವರ್ಷದ ನಂತರ ರೇಚಲ್ ಷ್ನೀರ್ಸನ್ ಮತ್ತು ಜಾನ್ ರಾಬಿನ್ಸ್ ಅದನ್ನು ಹಿಬ್ (ಹೀಮೋಫಿಲಸ್ ಇನ್‌ಫ್ಲುಯೆಂಜೆ ಬಿ) ಬ್ಯಾಕ್ಟೀರಿಯಾದ ಲಸಿಕೆಗೆ ಅಳವಡಿಸಿದರು. 2000ದಲ್ಲಿ ಏಳು ಬಗೆಗಳ ನ್ಯುಮೋಕಾಕಸ್ ಸಂಯುಕ್ತ ಲಸಿಕೆ (ಪಿಸಿವಿ) ಅಮೆರಿಕದ ಮಕ್ಕಳಿಗೆ ಸಿಕ್ಕಿತು. ಮಕ್ಕಳ ಮೂಗಿನಿಂದ ಬ್ಯಾಕ್ಟೀರಿಯಾ ದೂರವಾದದ್ದೇ, ಲಸಿಕೆ ಹಾಕಿಸಿಕೊಳ್ಳದ ಅಜ್ಜ ಅಜ್ಜಿಯರಲ್ಲೂ ಕಾಯಿಲೆ ಇಳಿಯಿತು. ಆದರೆ ಲಸಿಕೆಯಲ್ಲಿಲ್ಲದ 19ಎ ಬಗೆ ಖಾಲಿ ಜಾಗಕ್ಕೆ ನುಗ್ಗಿತು. ಲಸಿಕೆಯನ್ನು ಹಿಗ್ಗಿಸುತ್ತಲೇ ಇರಬೇಕಾಯಿತು.

ನಮ್ಮಂಗಳಕ್ಕೆ

ಯಾವ ಊರಿನಲ್ಲಿ ಯಾವ ಬಗೆ ಓಡಾಡುತ್ತಿದೆ ಎಂಬುದು ತಿಳಿಯದೆ ಒಳ್ಳೆಯ ಲಸಿಕೆ ಸಾಧ್ಯವಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳು ಸದ್ದಿಲ್ಲದೆ ಮಾಡಿಕೊಂಡು ಬಂದ ಬಗೆ ಗುರುತಿಸುವ ಕೆಲಸಕ್ಕೆ ಬೆಲೆ ಬರುವುದು ಇಲ್ಲೇ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಏಷ್ಯಾ, ಆಫ್ರಿಕಗಳ ಬಗೆಗಳನ್ನು ನೋಡಿಕೊಂಡು ಮಾಡಿದ ಹತ್ತು ಬಗೆಗಳ ಲಸಿಕೆಗೆ 2019ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು. 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾದ ಪಿಸಿವಿ 2021ರಲ್ಲಿ ದೇಶವಿಡೀ ಉಚಿತ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು.

ಸಂಶೋಧನೆ ಮತ್ತೆ ಸೀರಂನ ಹಳೆಯ ದಾರಿಗೂ ಮರಳಿದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ದಾರಿ ಕಂಡರು. 2012ರಲ್ಲಿ ಆಂಥ್ರಾಕ್ಸ್ ನಂಜಿಗೆ, 2016ರಲ್ಲಿ ಕರುಳಿನ ಕ್ಲಾಸ್ಟ್ರಿಡಿಯಂ ನಂಜಿಗೆ ಅಂಥ ಪ್ರತಿಕಾಯಗಳಿಗೆ ಅಮೆರಿಕ ಅನುಮತಿ ಕೊಟ್ಟಿತು. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ಕೊಲ್ಲದೆ ನಿಶ್ಶಸ್ತ್ರಗೊಳಿಸುವ ಬೆಹ್ರಿಂಗ್ ಅವರ ಯೋಚನೆ ನಮಗೆ ಮತ್ತೆ ಬೇಕಾಗಿದೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ತಾಯಿ ಕಾರ್ಡ್ ಹಿಡಿದು ಕೂತವರನ್ನು ನೋಡಿ. ಕೂಸಿನ ತೊಡೆಗೆ ಸೂಜಿ ತಾಗುತ್ತದೆ, ಕೂಸು ಕಿರುಚುತ್ತದೆ, ಅಮ್ಮ ಎದೆಗಪ್ಪಿ ತಟ್ಟುತ್ತಾಳೆ. ಆರು ವಾರಕ್ಕೊಂದು, ಹದಿನಾಲ್ಕು ವಾರಕ್ಕೊಂದು, ಒಂಬತ್ತು ತಿಂಗಳಿಗೆ ಕೊನೆಯದು. ಅಜ್ಜಂದಿರ ಕಾಲದಲ್ಲಿ ಜ್ವರದ ಮಂಚದ ಮೇಲೆ ಉಸಿರಿಗಾಗಿ ಒದ್ದಾಡುತ್ತ ಗಳಿಸಬೇಕಿದ್ದ ಏಳು ದಿನಗಳನ್ನು ಆ ಕೂಸಿಗೆ ಮುಂಗಡವಾಗಿ ಕೊಟ್ಟಾಯಿತು. ಒಂಬತ್ತು ತಿಂಗಳ ಆ ಕೊನೆಯ ಇಂಜೆಕ್ಷನ್ ಯಾವ ಮನೆಯಲ್ಲೂ ತಪ್ಪದಿರಲಿ.