ಟೊಮೆಟೊ ಮುಟುರು ರೋಗದ ಜಾಡು ಹಿಡಿದ ಕಥೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಅಂದ್ರೆ ಮೊದಲು ನೆನಪಾಗೋದು ರೇಷ್ಮೆ. ಆದರೆ ನಮ್ಮ ಈ ಸೀಮೆಯಲ್ಲಿ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಟೊಮೆಟೊ ಹಾಕೋರೂ ಇದ್ದಾರೆ. ಅದಕ್ಕೇ ಒಂದು ವೈರಸ್ಸಿನ ಇತಿಹಾಸ ನಮಗೆ ಸ್ವಲ್ಪ ಜಾಸ್ತಿ ಮುಖ್ಯ ಅಂತ ನನಗನ್ನಿಸುತ್ತೆ.

ಬೇಸಿಗೆ ಟೊಮೆಟೊ ಬೆಳೆದವರಿಗೆ ಮುಟುರು ರೋಗ ಗೊತ್ತೇ ಇರುತ್ತೆ. ಎಲೆ ಮುದುಡುತ್ತೆ, ಹಳದಿಯಾಗುತ್ತೆ, ಗಿಡ ಕುಳ್ಳಾಗಿ ಪೊದೆ ಥರ ನಿಲ್ಲುತ್ತೆ. ಎಳೆಯದರಲ್ಲೇ ಬಂತೋ, ಕಾಯಿ ಆಸೆ ಬಿಟ್ಟ ಹಾಗೇ. ಗೊಬ್ಬರ ಹಾಕಿದ್ರೂ ಅಷ್ಟೇ, ನೀರು ಕಟ್ಟಿದ್ರೂ ಅಷ್ಟೇ. ಯಾಕಂದ್ರೆ ಇದು ವೈರಸ್. ಗಿಡದಿಂದ ಗಿಡಕ್ಕೆ ಹೊತ್ತು ತರೋದು ಬಿಳಿನೊಣ.

ಭಾರತದಲ್ಲಿ ಈ ರೋಗವನ್ನು ವಾಸುದೇವ ಮತ್ತು ಸ್ಯಾಮ್‌ರಾಜ್ ಎಂಬ ವಿಜ್ಞಾನಿಗಳು 1948ರಲ್ಲೇ ವಿವರಿಸಿದ್ದರು. ಆದರೆ ರೋಗ ಗೊತ್ತಾಗೋದು ಬೇರೆ, ರೋಗಕಾರಕವನ್ನು ಹಿಡಿಯೋದು ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿ. ಮುನಿಯಪ್ಪನವರು ಸ್ಕಾಟ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವೈರಸ್ಸಿನ ಕಣಗಳನ್ನು ಬೇರ್ಪಡಿಸಿ, 1991ರಲ್ಲಿ ಅದರ ಗುಣಲಕ್ಷಣ ಪ್ರಕಟಿಸಿದರು. ಇದು ಜೆಮಿನಿವೈರಸ್ ಗುಂಪಿನದು, ಅಂದ್ರೆ ಎರಡೆರಡು ಕಣ ಅವಳಿಗಳ ಹಾಗೆ ಅಂಟಿಕೊಂಡಿರುತ್ತೆ. ಆಮೇಲೆ ಡಿಎನ್ಎ ಓದಿ ನೋಡಿದಾಗ, ಬೇರೆ ಬೇರೆ ದೇಶಗಳಲ್ಲಿ ಟೊಮೆಟೊ ಎಲೆ ಮುದುಡಿಸೋದು ಒಂದೇ ವೈರಸ್ ಅಲ್ಲ ಅನ್ನೋದು ಸ್ಪಷ್ಟವಾಯ್ತು. ನಮ್ಮ ಕಡೆಯದಕ್ಕೆ 'ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್' ಅಂತಲೇ ಹೆಸರು ಬಂತು!

2000ದಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ನೋಡಿ. ರೋಗದ ಗಿಡದ ಮೇಲೆ 10 ನಿಮಿಷ ಕೂತರೆ ಬಿಳಿನೊಣಕ್ಕೆ ವೈರಸ್ ಸಿಗಬಹುದು. 6 ಗಂಟೆ ಕಳೆದ ಮೇಲೆ, ಆರೋಗ್ಯದ ಗಿಡದ ಮೇಲೆ 20 ನಿಮಿಷ ಕೂತರೆ ಅಂಟಿಸಬಹುದು. ಒಂದೇ ನೊಣ ಸಾಕು.

ಈಗ ಹೇಳಿ, ಎಷ್ಟು ಸಲ ಔಷಧಿ ಹೊಡೀತೀರಿ? ಪಕ್ಕದ ಹೊಲದಿಂದ ಹೊಸ ನೊಣ ಹಾರಿ ಬರುತ್ತಲೇ ಇರುತ್ತೆ. ನಮ್ಮ ಕಡೆ ಇನ್ನೊಂದು ಗಂಡಾಂತರ ಬೇರೆ. ಹೊಡೆದ ಔಷಧಿ ಗಾಳಿಗೆ ತೇಲಿ ಹಿಪ್ಪುನೇರಳೆ ಮೇಲೆ ಬಿದ್ದು, ಆ ಸೊಪ್ಪು ಹುಳದ ಮನೆಗೆ ಹೋದರೆ ರೇಷ್ಮೆ ಹುಳವೇ ಸಾಯುತ್ತೆ. ಟೊಮೆಟೊ ಉಳಿಸೋಕೆ ಹೋಗಿ ಗೂಡು ಕಳಕೊಂಡ ಹಾಗಾಗುತ್ತೆ.

ಹಾಗಾಗಿ ಒಟ್ಲಿನಲ್ಲಿರುವಾಗಲೇ ಸಸಿಗಳಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟೋದು, ರೋಗ ತಡೆಯುವ ತಳಿ ಹಾಕೋದು ಮುಖ್ಯ. ಕೃಷಿ ವಿಶ್ವವಿದ್ಯಾನಿಲಯದ ಸಂಕ್ರಾಂತಿ, ನಂದಿ, ವೈಭವ್, ಆಮೇಲೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬಂದಿದ್ದು ಹೀಗೆ.

ಕಥೆ ಇಲ್ಲಿಗೇ ಮುಗೀಲಿಲ್ಲ. 1999ರಲ್ಲಿ ಕೋಲಾರದಲ್ಲಿ ಬಿಳಿನೊಣದ ಹೊಸ ಬಗೆಯೊಂದು ಸಿಕ್ಕಿತು. ಕರ್ನಾಟಕದ್ದೇ ಹೆಸರಿನ ಇನ್ನೊಂದು ಮುಟುರು ವೈರಸ್ಸೂ ಇದೆ. ಇವತ್ತು ರೋಗ ತಡೆಯೋ ತಳಿ ನಾಳೆಯೂ ತಡೆಯುತ್ತೆ ಅಂತ ಇಲ್ಲ. ಗುರುತು ಹಿಡಿಯೋ ಕೆಲಸ ನಡೀತಾನೇ ಇರಬೇಕು.

ಅಂದ ಹಾಗೆ, ನಿಮ್ಮ ಊರ ಕಡೆ ಈ ರೋಗಕ್ಕೆ ಏನಂತಾರೆ? ತಿಳಿಸಿ.