ಅಗೆಯದೆ ಬೆಳೆದ ತೋಟ: ಒಂದು ಹಿನ್ನೋಟ



ಎಲೆ ಉದುರುವ ಕಾಲ ಬಂತೆಂದರೆ ನಮ್ಮ ನ್ಯೂಜೆರ್ಸಿಯಲ್ಲಿ ಮನೆಮನೆಯ ಮುಂದೆ ಕಾಗದದ ದೊಡ್ಡ ಚೀಲಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ತುಂಬ ಮೇಪಲ್, ಓಕ್ ಮರಗಳ ಒಣಗಿದ ಎಲೆ. 2004ರ ಅಕ್ಟೋಬರಿನಲ್ಲಿ ಶಿರಸಿ ಸೀಮೆಯ ನಮ್ಮ ಹಳ್ಳಿಯಿಂದ ಬಂದಿದ್ದ ಆಯಿ (ನಮ್ಮ ಕಡೆ ತಾಯಿಗೆ ಹೀಗೆನ್ನುತ್ತೇವೆ) ಈ ಚೀಲಗಳನ್ನು ಕಂಡು ಬೀದಿಯಲ್ಲೇ ನಿಂತುಬಿಟ್ಟರು. "ತಮಾ, ಇಷ್ಟು ಚೊಲೋ ದರಕು! ಎಂತಕ್ಕೆ ಬಿಸಾಕ್ತ್ರಿ?" ಎಂದರು. ದರಕು ಎಂದರೆ ತರಗೆಲೆ. ನಮ್ಮಲ್ಲಿ ಉತ್ತರವಿರಲಿಲ್ಲ. ಅದೇ ವರ್ಷದ ವಸಂತದಲ್ಲಿ ನಾವು ಅಂಗಡಿಯಿಂದ ಹತ್ತು ಚೀಲ ಗೊಬ್ಬರವನ್ನು ದುಡ್ಡು ಕೊಟ್ಟು ತಂದಿದ್ದೆವು.

ಉತ್ತರ ಕನ್ನಡದ ಅಡಿಕೆ ತೋಟಗಳ ಚರಿತ್ರೆಯೆಂದರೆ ಅರ್ಧ ಸೊಪ್ಪು, ದರಕುಗಳ ಚರಿತ್ರೆಯೇ. ಬ್ರಿಟಿಷರ ಅರಣ್ಯ ಕಾನೂನು ಬಂದ ಮೇಲೂ ತೋಟಿಗರು ತಮ್ಮ 'ಸೊಪ್ಪಿನ ಬೆಟ್ಟ'ದ ಹಕ್ಕನ್ನು ಉಳಿಸಿಕೊಂಡರು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಸಿಗುತ್ತಿತ್ತು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಇದಕ್ಕೆ ಹೋಲುವ ಹಕ್ಕಿಗೆ 'ಕುಮ್ಕಿ' ಎಂದು ಹೆಸರು. ಬೆಟ್ಟದ ಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಗೊಬ್ಬರವಾಗಿ, ಅಡಿಕೆ ಮರದ ಬುಡ ಸೇರುತ್ತಿತ್ತು. ಅದರ ಮೇಲೆ ಮತ್ತೆ ಸೊಪ್ಪು, ದರಕುಗಳ ಹೊದಿಕೆ. ಇದನ್ನೆಲ್ಲ ಹೊತ್ತವರು ಹೆಂಗಸರು, ಕೂಲಿಯಾಳುಗಳು. ಸತತವಾಗಿ ಕಡಿದದ್ದರಿಂದ ಎಷ್ಟೋ ಬೆಟ್ಟಗಳು ಬೋಳಾದವು ಎಂಬುದನ್ನೂ ಮರೆಯಬಾರದು. ಆಯಿ ನಮ್ಮನ್ನು ಹುಬ್ಬಳ್ಳಿಗೆ ಎಂ.ಬಿ.ಬಿ.ಎಸ್. ಓದಲು ಕಳಿಸಿದ್ದೇ, ಮಗನ ತಲೆಗೆ ಹೆಡಿಗೆ ಬರದಿರಲಿ ಎಂದು.

ಇತ್ತ ಅಮೆರಿಕದಲ್ಲಿ ಇದೇ ಪದರದ ವಿದ್ಯೆ ಹೊಸದೆಂಬಂತೆ ಪ್ರಸಿದ್ಧಿಗೆ ಬಂತು. ಬೇರು ಹುಡುಕುತ್ತ ಹೋದರೆ ನಾವು ಮತ್ತೆ ಇಂಡಿಯಾಕ್ಕೇ ಮುಟ್ಟುತ್ತೇವೆ. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು, ಕಳೆ, ಕಡ್ಡಿ, ಸಗಣಿ, ಬೂದಿಗಳನ್ನು ಪದರಪದರವಾಗಿ ಪೇರಿಸಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. 1931ರಲ್ಲಿ ಬಂದ ಆ ಕುರಿತ ಪುಸ್ತಕಕ್ಕೆ ಯಶವಂತ ವಾಡ್ ಎಂಬ ಭಾರತೀಯರು ಸಹಲೇಖಕರು. ಅವರ ಹೆಸರನ್ನು ಇಂದು ನೆನೆಯುವವರು ಕಡಿಮೆ. ಹೋವರ್ಡರ ಬರಹಗಳನ್ನು ಓದಿ ಪ್ರಭಾವಿತರಾದವರು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದ ಜೆ. ಐ. ರೊಡೇಲ್. ಅವರು ನಮ್ಮ ಪಕ್ಕದ ಪೆನ್ಸಿಲ್ವೇನಿಯದ ಎಮ್ಮಾಸ್ ಎಂಬ ಊರಿನಲ್ಲಿ ಹೊಲ ಕೊಂಡು, 1942ರಲ್ಲಿ ಸಾವಯವ ಬೇಸಾಯದ ಪತ್ರಿಕೆಯೊಂದನ್ನು ಆರಂಭಿಸಿದರು.

ಅಗೆತವನ್ನೇ ಬಿಟ್ಟವರು ಕನೆಕ್ಟಿಕಟ್ಟಿನ ರೂತ್ ಸ್ಟೌಟ್. 1944ರ ವಸಂತದಲ್ಲಿ ಉಳುವವನಿಗಾಗಿ ಕಾದು ಬೇಸತ್ತ ಈ ಮಹಿಳೆ, ಉಳದೆಯೇ ಬೀಜ ಹಾಕಿದರು. ಮುಂದೆ ವರ್ಷವಿಡೀ ನೆಲಕ್ಕೆ ಒಣಹುಲ್ಲಿನ ದಪ್ಪ ಹೊದಿಕೆ ಹಾಕಿಟ್ಟರು. ಬೆನ್ನುನೋವಿಲ್ಲದೆ ತೋಟ ಮಾಡುವ ಬಗ್ಗೆ 1955ರಲ್ಲಿ ಅವರು ಬರೆದ ಪುಸ್ತಕ ಮನೆಮಾತಾಯಿತು. ಅವರು ತೀರಿಕೊಂಡದ್ದು 1980ರಲ್ಲಿ, ತೊಂಬತ್ತಾರರ ಆಸುಪಾಸಿನ ವಯಸ್ಸಿನಲ್ಲಿ. ವೈದ್ಯರಾದ ನಮಗೆ ಅವರ ಬೆನ್ನಿನ ಮೇಲೆ ಸ್ವಲ್ಪ ಅಸೂಯೆಯೇ! ಆಮೇಲೆ 1998ರಲ್ಲಿ, ಕ್ಯಾಟ್‌ಸ್ಕಿಲ್ ಸೀಮೆಯಲ್ಲಿ ತೋಟ ಮಾಡಿ ಪಳಗಿದ ಪೆಟ್ರೀಷಿಯಾ ಲಾಂಜಾ ಅವರ 'ಲಜಾನ್ಯ' ತೋಟಗಾರಿಕೆಯ ಪುಸ್ತಕ ಹೊರಬಂತು. ಲಜಾನ್ಯ ಎಂದರೆ ಪದರಪದರವಾಗಿ ಬೇಯಿಸುವ ಇಟಾಲಿಯನ್ ತಿನಿಸು. ಹುಲ್ಲಿನ ಮೇಲೇ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಪದರ ಪೇರಿಸುವುದು ಅವರ ಕ್ರಮ. ಪ್ರಕಾಶಕರು ಅದೇ ರೊಡೇಲ್ ಸಂಸ್ಥೆ.

ಹಳೆಯ ಪತ್ರಿಕೆಗೆ ನಮ್ಮೂರಿನಲ್ಲಿ ರದ್ದಿ ಅಂಗಡಿಯವನಾದರೂ ಬೆಲೆ ಕೊಡುತ್ತಿದ್ದ. ಇಲ್ಲಿ ಅದೂ ಕಸ. 1987ರ ಮಾರ್ಚ್‌ನಲ್ಲಿ ಲಾಂಗ್ ಐಲೆಂಡಿನ ಐಸ್ಲಿಪ್ ಪಟ್ಟಣದ ಕಸ ಹೇರಿಕೊಂಡ 'ಮೋಬ್ರೋ 4000' ಎಂಬ ದೋಣಿ, ಮೂರು ಸಾವಿರಕ್ಕೂ ಹೆಚ್ಚು ಟನ್ ಹೊತ್ತು ದಕ್ಷಿಣಕ್ಕೆ ಹೊರಟಿತು. ನಾರ್ತ್ ಕೆರೊಲಿನಾ, ಲೂಯಿಸಿಯಾನಾ, ಮೆಕ್ಸಿಕೊ, ಬೆಲೀಜ್ ಯಾರೂ ಒಳಗೆ ಬಿಡಲಿಲ್ಲ. ತಿಂಗಳುಗಟ್ಟಲೆ ಅಲೆದು ಬಂದ ಆ ಕಸವನ್ನು ಕೊನೆಗೆ ಬ್ರೂಕ್ಲಿನ್ನಿನಲ್ಲಿ ಸುಟ್ಟು, ಬೂದಿಯನ್ನು ಐಸ್ಲಿಪ್ಪಿನಲ್ಲೇ ಹೂತರು. ಅದರಲ್ಲಿ ಬಹುಪಾಲು ಕಾಗದವೇ ಇತ್ತಂತೆ. ದೋಣಿ ಸಮುದ್ರದಲ್ಲಿ ಅಲೆಯುತ್ತಿದ್ದಾಗಲೇ, ಅದೇ ಏಪ್ರಿಲ್‌ನಲ್ಲಿ, ನ್ಯೂಜೆರ್ಸಿಯ ಕಡ್ಡಾಯ ಮರುಬಳಕೆ ಕಾನೂನಿಗೆ ಸಹಿ ಬಿತ್ತು. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಎಲೆಗಳನ್ನು ಕಸದಿಂದ ಬೇರೆಯಾಗಿಡಬೇಕೆಂದು ಆ ಕಾನೂನು ಹೇಳಿತು. ಆಯಿ ಕಂಡ ಚೀಲಗಳ ಹಿಂದಿನ ಕಥೆ ಇದು.

ಆ ಅಕ್ಟೋಬರಿನಲ್ಲೇ ಆಯಿಯ ಮೇಲ್ವಿಚಾರಣೆಯಲ್ಲಿ ನಮ್ಮ ಹಿತ್ತಿಲಲ್ಲಿ ಕೆಲಸ ಶುರುವಾಯಿತು. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಕಡೆ ನಾಲ್ಕಡಿ ಅಗಲ, ಹತ್ತಡಿ ಉದ್ದದ ಜಾಗ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಟೇಪು, ಪಿನ್ನು ಕಿತ್ತ ಕಂದು ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಅಂಚಿನ ಮೇಲೆ ಅಂಚು ಬರುವಂತೆ ಹಾಸಿ ನೀರು ಹಾಕಿದೆವು. ಅದರ ಮೇಲೆ ಒಂದು ಪದರ ದರಕು, ಒಂದು ಪದರ ತರಕಾರಿ ಸಿಪ್ಪೆ, ಕಾಫಿ ಚರಟ, ಕತ್ತರಿಸಿದ ಹುಲ್ಲು, ಮತ್ತೆ ದರಕು. ಹೀಗೆ ಎರಡಡಿ ಎತ್ತರ. ರಟ್ಟಿನ ಕೆಳಗೆ ಬೆಳಕಿಲ್ಲದೆ ಹುಲ್ಲು ಸಾಯುತ್ತದೆ. ಎರೆಹುಳುಗಳು ರಟ್ಟನ್ನೂ ಎಲೆಯನ್ನೂ ಮಣ್ಣು ಮಾಡುತ್ತವೆ. ಹಿಮವೆಲ್ಲ ಕರಗಿದಾಗ ಎತ್ತರ ಅರ್ಧಕ್ಕಿಳಿದಿತ್ತು.

ಮೊದಲ ವರ್ಷವೇ ನಾವೊಂದು ತಪ್ಪು ಮಾಡಿದೆವು. ಕಳೆನಾಶಕ ಸಿಂಪಡಿಸಿದ್ದ ಹುಲ್ಲನ್ನೇ ಪದರಕ್ಕೆ ಸೇರಿಸಿದ್ದರಿಂದ ಟೊಮೆಟೊ ಎಲೆಗಳು ಮುರುಟಿಹೋದವು. ಆಯಿ ಊರಿನಿಂದ ಫೋನಿನಲ್ಲಿ, "ಹುಲ್ಲಿಗೂ ಔಷಧ ಹೊಡೀತ್ರಾ?" ಎಂದು ನಕ್ಕರು. ಬೇಯಿಸಿದ್ದು, ಎಣ್ಣೆಯದ್ದು ಹಾಕಿದರೆ ಇಲಿ, ರಕೂನ್ ಬರುತ್ತವೆ; ಅದೂ ಬೇಡ. ವೈದ್ಯರಾಗಿ ಇನ್ನೊಂದು ಮಾತು. ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ಇಲ್ಲಿ ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯ ಗೋಡೆ ಪಕ್ಕದ ಮಣ್ಣಿನಲ್ಲಿ ಸೀಸವಿರಬಹುದು. ಅದು ಮಕ್ಕಳ ಮಿದುಳಿಗೆ ಕೇಡು. ಪದರ ಹಾಕಿದ ಮಾತ್ರಕ್ಕೆ ಸೀಸ ಮಾಯವಾಗದು, ಬೇರುಗಳು ಕೆಳಗಿಳಿಯುತ್ತವೆ. ಮೊದಲು ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡಿಸಿರಿ.

ಆಯಿ ತೀರಿಕೊಂಡು ಹತ್ತು ವರ್ಷಗಳ ಮೇಲಾಯಿತು. ಆ ಪಾತಿಯಲ್ಲಿ ಈಗಲೂ ಮೆಂತ್ಯ, ದಂಟು, ಹೀರೆ ಬೆಳೆಯುತ್ತವೆ. ಬೆಟ್ಟದಲ್ಲಿ ಮರ ಬೋಳು ಮಾಡಿ, ಯಾರದೋ ತಲೆಯ ಮೇಲೆ ಹೊರಿಸಿ ತರುತ್ತಿದ್ದುದು ಇಲ್ಲಿ ತಾನಾಗಿ ಉದುರಿ ಬಾಗಿಲಿಗೆ ಬರುತ್ತದೆ. ಅದನ್ನು ಬೀದಿಗಿಟ್ಟು ಗೊಬ್ಬರ ಕೊಂಡು ತರುವಷ್ಟು ನಾವು ಓದಿದ್ದೆವಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಈ ಸಲ ಎಲೆಯ ಚೀಲ ಹೊರಗಿಡುವ ಮುನ್ನ ನಾಲ್ಕನ್ನಾದರೂ ಹಿತ್ತಿಲಿಗೆ ಒಯ್ಯಿರಿ. ಹೀರೆ ಬೀಜ ನಮ್ಮಲ್ಲಿ ಬೇಕಾದಷ್ಟಿದೆ. ದೀಪಾವಳಿ ಕಾರ್ಯಕ್ರಮಕ್ಕೆ ತರುತ್ತೇವೆ, ಕೇಳಿ ಪಡೆಯಿರಿ.